ಹನ್ನೊಂದು ಗಾಡಿ, ಒಂದು ವಹಿ: ಕಂಪನಿ ವಾಹನಗಳ ಡೀಸೆಲ್ ಖರ್ಚು ಇಳಿಸುವುದು ಹೇಗೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಕಂಪನಿ ಇದೆ. ಕಾರು, ಲಾರಿ ತಯಾರಿಸುವವರಿಗೆ ಶೀಟ್ ಮೆಟಲ್ ಬಿಡಿಭಾಗ ಮಾಡಿ ಕೊಡುತ್ತೇವೆ. ಮಾಲು ಮುಟ್ಟಿಸಲು ಹನ್ನೊಂದು ಗಾಡಿಗಳಿವೆ. ಆರು ಪಿಕಪ್, ಮೂರು ಚೋಟಾ ಹಾಥಿ (ಟಾಟಾ ಏಸ್), ಎರಡು ಲಾರಿ. ಚಾಕಣ, ತಳೇಗಾಂವ್, ರಾಂಜಣಗಾಂವ್ ಕಡೆಗೆ ದಿನದ ಓಡಾಟ. ವಾರಕ್ಕೆ ಎರಡು ಸಲ ಲಾರಿ ಘಾಟ್ ಇಳಿದು ನ್ಹಾವಾ ಶೇವಾ ಬಂದರಿಗೆ ಹೋಗಿ ಬರುತ್ತದೆ. ಡ್ರೈವರ್‌ಗಳಲ್ಲಿ ಅರ್ಧಕ್ಕರ್ಧ ಮಂದಿ ನಮ್ಮ ಇಂಡಿ, ಸಿಂದಗಿ, ಆಳಂದ ಕಡೆಯವರೇ.

ಕೆಲವು ವರ್ಷದ ಹಿಂದೆ ಒಂದು ಪಿಕಪ್‌ನ ಎವರೇಜ್ ಹನ್ನೆರಡರಿಂದ ಒಂಬತ್ತೂವರೆಗೆ ಇಳಿಯಿತು. (ಊರಲ್ಲಿ ಮೈಲೇಜ್ ಅನ್ನುತ್ತೇವೆ, ಇಲ್ಲಿ ಎಲ್ಲರೂ ಎವರೇಜ್ ಅಂತಲೇ ಅನ್ನುವುದು.) ನನ್ನ ತಲೆಗೆ ಬಂದದ್ದು ಒಂದೇ ಮಾತು: ಡ್ರೈವರ್ ಡೀಸೆಲ್ ಮಾರಿಕೊಳ್ಳುತ್ತಿದ್ದಾನೆ. ಕರೆದು ಕೇಳಿದೆ. ಕೇಳಿದ ರೀತಿ ಚೆನ್ನಾಗಿರಲಿಲ್ಲ. ಆತ ಹೇಳಿದ್ದು ಇಷ್ಟೇ: "ಮಾಲಕ್ರ, ಗಾಡಿ ಜಗ್ಗವಲ್ದ್ರಿ. ಒಮ್ಮೆ ಗ್ಯಾರೇಜಿಗೆ ತೋರಸ್ರಿ." ನಾನು ತೋರಿಸಲಿಲ್ಲ. ತಿಂಗಳು ಮುಗಿಯುವ ಮೊದಲೇ ಆತ ಕೆಲಸ ಬಿಟ್ಟ. ಹೊಸ ಡ್ರೈವರ್ ಬಂದ, ಎವರೇಜ್ ಒಂಬತ್ತೂವರೆಯಲ್ಲೇ ನಿಂತಿತು. ಕೊನೆಗೆ ಮೆಕ್ಯಾನಿಕ್ ಗಾಡಿಯನ್ನು ಹತ್ತು ಕಿಲೋಮೀಟರ್ ಓಡಿಸಿ ತಂದು, ನನ್ನ ಕೈ ಹಿಡಿದು ಹಿಂದಿನ ಎಡಗಾಲಿಯ ಹತ್ತಿರ ಒಯ್ದ. ಡ್ರಮ್ಮಿನ ಮೇಲೆ ದೋಸೆ ಹುಯ್ಯಬಹುದಿತ್ತು, ಅಷ್ಟು ಬಿಸಿ. ಬ್ರೇಕ್ ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಗಾಡಿ ಬ್ರೇಕ್ ಹಾಕಿಕೊಂಡೇ ಅಷ್ಟು ದಿನ ಓಡಿತ್ತು.

ಆ ಡೀಸೆಲ್ ಹೋಯಿತು, ಒಳ್ಳೆಯ ಡ್ರೈವರ್ ಕೂಡ ಹೋದ. ಅವತ್ತಿನಿಂದ ನಾನು ಒಂದು ಕ್ರಮ ಹಾಕಿಕೊಂಡಿದ್ದೇನೆ. ಮೊದಲು ಲೆಕ್ಕ, ಆಮೇಲೆ ಗಾಡಿ, ಆಮೇಲೆ ದಾರಿ, ಮನುಷ್ಯ ಕೊನೆಗೆ. ಕೆಳಗೆ ಬರೆದಿರುವುದೆಲ್ಲ ಅದೇ ಕ್ರಮದಲ್ಲಿದೆ. ನಿಮ್ಮಲ್ಲಿ ಮೂರು ಗಾಡಿ ಇರಲಿ, ಮೂವತ್ತು ಇರಲಿ, ಕೆಲಸ ಒಂದೇ. ಲೆಕ್ಕ ಸುಲಭವಾಗಲಿ ಅಂತ ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಇಟ್ಟುಕೊಂಡಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು. ಪೆಟ್ರೋಲ್, ಡೀಸೆಲ್ ಎರಡೂ ಜಿಎಸ್‌ಟಿಯ ಹೊರಗಿವೆ. ಟೈರ್, ಬಿಡಿಭಾಗ ಕೊಂಡರೆ ನಮ್ಮಂಥ ಕಂಪನಿಗೆ ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಡೀಸೆಲ್ ಬಿಲ್ಲಿನ ಮೇಲೆ ಕಟ್ಟಿದ ವ್ಯಾಟ್‌ನಲ್ಲಿ ಒಂದು ಪೈಸೆಯೂ ವಾಪಸ್ ಬರುವುದಿಲ್ಲ. ಅಲ್ಲಿ ಉಳಿಸಿದ ರೂಪಾಯಿ ಪೂರ್ತಿ ರೂಪಾಯಿ.

ಮೊದಲ ತಿಂಗಳು: ಬರೆಯಿರಿ, ಬಯ್ಯಬೇಡಿ

ಒಂದು ದಪ್ಪ ವಹಿ ತನ್ನಿ. ಪ್ರತಿ ಗಾಡಿಗೂ ಬೇರೆ ಪುಟ. ಆರು ಕಾಲಂ ಸಾಕು: ತಾರೀಕು, ಮೀಟರ್ ರೀಡಿಂಗ್, ಲೀಟರ್, ರೂಪಾಯಿ, ಪಂಪ್, ಡ್ರೈವರ್. ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ಮಾಡಿದರೂ ಸರಿ. ಆದರೆ ಮೊದಲ ತಿಂಗಳು ಕೈಯಿಂದ ಬರೆಯುವುದು ಒಳ್ಳೆಯದು. ಬರೆಯುವಾಗ ಕಣ್ಣಿಗೆ ಬೀಳುವ ಸಂಗತಿ ಟೈಪ್ ಮಾಡುವಾಗ ಬೀಳುವುದಿಲ್ಲ.

ಅಳೆಯುವ ವಿಧಾನ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್. "ಇವತ್ತು ಎರಡು ಸಾವಿರದ್ದು ಹಾಕು, ನಾಳೆ ಸಾವಿರದ್ದು ಹಾಕು" ಅನ್ನುವ ಪದ್ಧತಿಯಲ್ಲಿ ಎವರೇಜ್ ಎಂದಿಗೂ ಗೊತ್ತಾಗುವುದಿಲ್ಲ. ಟ್ಯಾಂಕ್ ತುಂಬಿಸಿ, ಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಮತ್ತೆ ತುಂಬಿಸಿದಾಗ ಹಿಡಿದ ಲೀಟರ್ ಎಷ್ಟು, ಓಡಿದ್ದು ಎಷ್ಟು ನೋಡಿ. ನಮ್ಮ ಒಂದು ಪುಟದಿಂದಲೇ ಉದಾಹರಣೆ ಕೊಡುತ್ತೇನೆ. ಹಿಂದಿನ ಫುಲ್ ಟ್ಯಾಂಕ್ 84,310ಕ್ಕೆ. ಈ ಸಲ 84,742. ಓಡಿದ್ದು 432 ಕಿಲೋಮೀಟರ್. ಹಿಡಿದದ್ದು 38.4 ಲೀಟರ್. ಭಾಗಿಸಿದರೆ 11.25.

ಇದರಲ್ಲಿ ಒಂದು ಸೂಕ್ಷ್ಮ ಇದೆ. ನಾಜಲ್ ತಾನಾಗಿಯೇ ಟಕ್ ಅಂತ ನಿಲ್ಲುತ್ತದಲ್ಲ, ಅಲ್ಲಿಗೆ ನಿಲ್ಲಿಸಬೇಕು. ಪಂಪಿನ ಹುಡುಗ "ಸಾಬ್, ರೌಂಡ್ ಫಿಗರ್ ಮಾಡ್ಲಾ?" ಅಂತ ಇನ್ನೊಂದು ಲೀಟರ್ ಒತ್ತಿದರೆ ಲೆಕ್ಕ ಕೆಟ್ಟಿತು. ಒಂದು ಸಲ ಒತ್ತಿ ತುಂಬಿ, ಇನ್ನೊಂದು ಸಲ ಮೊದಲ ಕಟ್‌ಗೇ ಬಿಟ್ಟರೆ ಅದೇ ಗಾಡಿ ಒಮ್ಮೆ ಹತ್ತು, ಒಮ್ಮೆ ಹದಿಮೂರು ತೋರಿಸುತ್ತದೆ. ಆದಷ್ಟೂ ಒಂದೇ ಪಂಪ್, ಸಮತಟ್ಟು ಜಾಗ, ಮೊದಲ ಕಟ್. ಮೀಟರಿನ ಫೋಟೋ, ಪಂಪಿನ ಚೀಟಿಯ ಫೋಟೋ, ಎರಡೂ ವಾಟ್ಸಾಪ್ ಗುಂಪಿಗೆ. ಒಂದೇ ಸಲದ ಅಂಕಿ ನೋಡಿ ಏನನ್ನೂ ತೀರ್ಮಾನಿಸಬೇಡಿ. ನಾಲ್ಕು ಸಲದ್ದು ಕೂಡಿಸಿ ನೋಡಿ.

ಒಂದು ಗಾಡಿಯನ್ನು ಇನ್ನೊಂದಕ್ಕೆ ಹೋಲಿಸುವ ಆಸೆ ಬರುತ್ತದೆ. ಬಿಡಿ. ಚಾಕಣದ ತಳೇಗಾಂವ್ ಚೌಕದಲ್ಲಿ ದಿನಾ ಸಿಕ್ಕಿಹಾಕಿಕೊಳ್ಳುವ ಪಿಕಪ್‌ಗೂ, ಶಿಕ್ರಾಪುರ ದಾಟಿ ಖುಲ್ಲಾ ರಸ್ತೆಯಲ್ಲಿ ರಾಂಜಣಗಾಂವ್‌ಗೆ ಹೋಗುವ ಪಿಕಪ್‌ಗೂ ಎಲ್ಲಿಯ ಹೋಲಿಕೆ? ಪ್ರತಿ ಗಾಡಿಯನ್ನೂ ಅದರ ನಿನ್ನೆಯ ಜೊತೆಗೆ ಹೋಲಿಸಿ.

ಇನ್ನೊಂದು ಲೆಕ್ಕ ನನ್ನ ಕಣ್ಣು ತೆರೆಸಿತು. ತಿಂಗಳಿಗೆ 3,000 ಕಿಲೋಮೀಟರ್ ಓಡುವ ಪಿಕಪ್ ಹನ್ನೆರಡರಿಂದ ಹದಿಮೂರಕ್ಕೆ ಬಂದರೆ 250 ಲೀಟರ್ ಇದ್ದದ್ದು 231ಕ್ಕೆ ಇಳಿಯುತ್ತದೆ. ಉಳಿದದ್ದು 19 ಲೀಟರ್. ಅಷ್ಟೇ ಓಡುವ ಲಾರಿ ಐದೂವರೆಯಿಂದ ಆರಕ್ಕೆ ಬಂದರೆ 545 ಇದ್ದದ್ದು 500 ಆಗುತ್ತದೆ. ಉಳಿದದ್ದು 45 ಲೀಟರ್, ನಾಲ್ಕು ಸಾವಿರ ರೂಪಾಯಿ. ನೋಡಲು ಅರ್ಧ ಕಿಲೋಮೀಟರ್ ಅಷ್ಟೇ. ಎವರೇಜ್ ಕಮ್ಮಿ ಇರುವ ಗಾಡಿಯಲ್ಲೇ ದುಡ್ಡು ಅಡಗಿರುತ್ತದೆ. ನಾನು ಎರಡು ವರ್ಷ ಚೋಟಾ ಹಾಥಿಗಳ ಹಿಂದೆ ಬಿದ್ದು ಲಾರಿಗಳನ್ನು ನೋಡಿರಲೇ ಇಲ್ಲ.

ಎರಡನೇ ತಿಂಗಳು: ಗಾಡಿಯ ಮೈ ಮುಟ್ಟಿ ನೋಡಿ

ನನಗೆ ಪಾಠ ಕಲಿಸಿದ ಬ್ರೇಕ್‌ನಿಂದಲೇ ಶುರು. ಗಾಡಿ ಬಂದು ನಿಂತ ಕೂಡಲೇ ನಾಲ್ಕೂ ಗಾಲಿಯ ಡ್ರಮ್ಮಿನ ಬಿಸಿ ನೋಡಬೇಕು. ಕೈ ಇಡಬೇಡಿ, ಸುಟ್ಟೀತು. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅಂಥದ್ದೇ ಬಿಸಿ ನೋಡುವ ಗನ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಯಂತ್ರಗಳಿಗೆ ಬಳಸುವಂಥದ್ದು. ಒಂದೇ ಆಕ್ಸಲ್‌ನ ಎರಡು ಗಾಲಿಗಳಲ್ಲಿ ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಗನ್ ಇಲ್ಲವಾ? ಸಮತಟ್ಟು ನೆಲದಲ್ಲಿ ಖಾಲಿ ಪಿಕಪ್‌ನ್ನು ನ್ಯೂಟ್ರಲ್ ಮಾಡಿ ಇಬ್ಬರು ತಳ್ಳಿ. ಸಲೀಸಾಗಿ ಉರುಳಬೇಕು. ಗೊಣಗಿಕೊಂಡು ಹೋದರೆ ಗ್ಯಾರೇಜ್.

ಆಮೇಲೆ ಹವಾ. ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ಕಡಿಮೆ ಹವಾ ಇದ್ದ ಟೈರ್ ರಸ್ತೆಗೆ ಅಂಟಿಕೊಂಡು ಉರುಳುತ್ತದೆ, ಎಂಜಿನ್ ಜಾಸ್ತಿ ಎಳೆಯಬೇಕು. ವಾರಕ್ಕೊಮ್ಮೆ, ಬೆಳಿಗ್ಗೆ, ಗಾಡಿ ಹೊರಡುವ ಮೊದಲು ನೋಡಬೇಕು. ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಟೈರ್ ಬಿಸಿಯಾಗಿ ಪ್ರೆಷರ್ ಏರಿರುತ್ತದೆ, ಆಗ ನೋಡಿದರೆ ಸುಳ್ಳು ಅಂಕಿ ಬರುತ್ತದೆ. ಎಷ್ಟು ಹವಾ ಅನ್ನುವುದನ್ನು ಬಾಗಿಲಿನ ಚೀಟಿ ಅಥವಾ ಗಾಡಿಯ ಪುಸ್ತಕ ನೋಡಿ ಹಾಕಿಸಿ. ಪಂಕ್ಚರ್ ಅಂಗಡಿಯವನ ಅಂದಾಜು ಬೇಡ. ನಾವು ಫ್ಯಾಕ್ಟರಿಯ ಕಂಪ್ರೆಸರ್‌ಗೆ ಒಂದು ಗೇಜ್ ಕೂಡಿಸಿದೆವು. ಸೋಮವಾರ ಬೆಳಿಗ್ಗೆ ಹನ್ನೊಂದು ಗಾಡಿ ನೋಡಲು ಒಬ್ಬನಿಗೆ ಮುಕ್ಕಾಲು ಗಂಟೆ ಸಾಕು.

ಏರ್ ಫಿಲ್ಟರ್ ಬಗ್ಗೆ ಚಾಕಣ, ಭೋಸರಿಯಲ್ಲಿ ಗಾಡಿ ಓಡಿಸುವವರಿಗೆ ಬೇರೆ ಹೇಳಬೇಕಿಲ್ಲ. ಆ ಧೂಳಿನಲ್ಲಿ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ಕಟ್ಟಿಕೊಳ್ಳುತ್ತದೆ. ವ್ಹೀಲ್ ಅಲೈನ್‌ಮೆಂಟ್, ಕ್ಲಚ್ ಜಾರುವುದು, ಡೀಸೆಲ್ ಪೈಪಿನ ಸೋರಿಕೆ, ಇವೆಲ್ಲ ಸರ್ವಿಸಿಂಗ್‌ನಲ್ಲಿ ನೋಡುವ ಮಾಮೂಲಿ ಕೆಲಸಗಳು.

ಬ್ಯಾಟರಿ ಮಾತ್ರ ಯಾರೂ ಈ ಪಟ್ಟಿಗೆ ಸೇರಿಸುವುದಿಲ್ಲ. ಡ್ರೈವರ್ ಗೇಟಿನಲ್ಲಿ ಎಂಜಿನ್ ಬಂದ್ ಮಾಡದೆ ಕೂತಿದ್ದರೆ ಸೋಮಾರಿತನ ಅಂದುಕೊಳ್ಳುತ್ತೇವೆ. ಒಮ್ಮೆ ಕೇಳಿ ನೋಡಿ. "ಬಂದ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ರೀ, ಯಾರ್ ದೂಡ್ಯಾರ?" ಅನ್ನುತ್ತಾರೆ. ನಮ್ಮ ಮೂರು ಗಾಡಿಗಳ ಕಥೆ ಇದೇ ಆಗಿತ್ತು. ಬ್ಯಾಟರಿ ಸತ್ತಿತ್ತು, ಸೆಲ್ಫ್ ತೊಂದರೆ ಕೊಡುತ್ತಿತ್ತು. ಸಣ್ಣ ಡೀಸೆಲ್ ಗಾಡಿ ನಿಂತಲ್ಲೇ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ದೊಡ್ಡ ಲಾರಿಯಾದರೆ ಎರಡರಿಂದ ಮೂರು. ದಿನಕ್ಕೆ ಒಂದೇ ಲೀಟರ್ ಹಿಡಿಯಿರಿ. ತಿಂಗಳಿಗೆ 26 ದಿನ, ಒಂದು ಗಾಡಿಗೆ 2,340 ರೂಪಾಯಿ. ಹನ್ನೊಂದು ಗಾಡಿಗೆ 25,000 ದಾಟಿತು. ಹೊಸ ಬ್ಯಾಟರಿ ಹಾಕಿಸಿಕೊಡದೆ "ಎಂಜಿನ್ ಬಂದ್ ಮಾಡಿ" ಅಂತ ಗೋಡೆಗೆ ಬೋರ್ಡ್ ಹಾಕಿದರೆ ಏನು ಉಪಯೋಗ?

ಬಿಎಸ್6, ಅಂದರೆ ಹೊಗೆಯ ಹೊಸ ನಿಯಮದ ಗಾಡಿಗಳದ್ದು ಬೇರೆ ತಲೆನೋವು. 2020ರ ಏಪ್ರಿಲ್ 1ರ ನಂತರದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಮಸಿ ತುಂಬಿದಾಗ ಎಂಜಿನ್ ಸ್ವಲ್ಪ ಹೆಚ್ಚು ಡೀಸೆಲ್ ಸುಟ್ಟು ಅದನ್ನು ಉರಿಸಿ ಹಾಕುತ್ತದೆ. ಇದಕ್ಕೆ ಒಂದೇ ಸಮನೆ ಸ್ವಲ್ಪ ದೂರ ಓಡುವುದು ಬೇಕು. ಭೋಸರಿಯಿಂದ ಚಿಂಚವಡ, ಚಿಂಚವಡದಿಂದ ಪಿಂಪ್ರಿ, ಹೀಗೆ ನಾಲ್ಕು ನಾಲ್ಕು ಕಿಲೋಮೀಟರ್ ಓಡುವ ಗಾಡಿಗೆ ಆ ಅವಕಾಶ ಸಿಗುವುದಿಲ್ಲ. ಉರಿಸುವ ಕೆಲಸ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ, ಡೀಸೆಲ್ ಸುಮ್ನೆ ಹೋಗುತ್ತದೆ. ನಾವು ವಾರಕ್ಕೊಂದು ದಿನ ಊರೊಳಗಿನ ಗಾಡಿಯನ್ನು ರಾಂಜಣಗಾಂವ್ ಫೇರಿಗೆ (ಟ್ರಿಪ್ಪಿಗೆ) ಹಾಕುತ್ತೇವೆ, ಅಲ್ಲಿನ ಗಾಡಿ ಇಲ್ಲಿಗೆ. ಡಿಪಿಎಫ್ ದೀಪದ ತಕರಾರು ಬಹಳ ಕಡಿಮೆಯಾಯಿತು. ಹೊಗೆಯ ವಿಷ ಕಡಿಮೆ ಮಾಡಲು ಹಾಕುವ ಡಿಇಎಫ್ ದ್ರವಕ್ಕೆ (ಡ್ರೈವರ್‌ಗಳು ಯೂರಿಯಾ ಅನ್ನುತ್ತಾರೆ) ನೀರು ಬೆರೆಸಿ ಉಳಿತಾಯ ಮಾಡುವ ಜಾಣರೂ ಇದ್ದಾರೆ. ಅವರ ಗಾಡಿ ಷೋರೂಮಿನಲ್ಲಿ ಬಿಚ್ಚಿಕೊಂಡು ನಿಂತಿರುತ್ತದೆ.

ಮೂರನೇ ತಿಂಗಳು: ದಾರಿ ಮತ್ತು ಹೊತ್ತು

ಗಾಡಿ ಓಡದಿದ್ದರೆ ಡೀಸೆಲ್ ಖರ್ಚಾಗುವುದಿಲ್ಲ. ಹಾಸ್ಯಕ್ಕೆ ಹೇಳಿದ್ದಲ್ಲ. ನಮ್ಮ ಕಿಲೋಮೀಟರ್‌ಗಳಲ್ಲಿ ಎಷ್ಟರಲ್ಲಿ ಮಾಲೇ ಇರಲಿಲ್ಲ ಅಂತ ಒಂದು ತಿಂಗಳು ಗುರುತು ಹಾಕಿದೆ, ಕೆಂಪು ಪೆನ್ನಿನಲ್ಲಿ. ಪುಟಗಳೆಲ್ಲ ಕೆಂಪಾದವು.

ಮೊದಲು ಕಂಡದ್ದು ರಾತ್ರಿಯ ಪಾರ್ಕಿಂಗ್. ಒಬ್ಬ ಡ್ರೈವರ್ ಆಳಂದಿ ಹತ್ತಿರದ ಮನೆಗೆ ಗಾಡಿ ಒಯ್ಯುತ್ತಿದ್ದ. ಒಂದು ಕಡೆಗೆ 12 ಕಿಲೋಮೀಟರ್. ಹೋಗಿ ಬರಲು 24, ತಿಂಗಳಿಗೆ 624. ಹನ್ನೆರಡರ ಎವರೇಜ್ ಹಿಡಿದರೆ 52 ಲೀಟರ್, 4,680 ರೂಪಾಯಿ. ಗಾಡಿ ಫ್ಯಾಕ್ಟರಿಯಲ್ಲೇ ನಿಲ್ಲಲಿ, ಓಡಾಟಕ್ಕೆ ಬೈಕಿನ ಪೆಟ್ರೋಲ್ ನಾನು ಕೊಡುತ್ತೇನೆ ಅಂದೆ. ಆತನಿಗೂ ಖುಷಿ, ನನಗೂ ಲಾಭ.

ಎರಡನೆಯದು ಒಂದೇ ಕಡೆಗೆ ಎರಡೆರಡು ಫೇರಿ. ಬೆಳಿಗ್ಗೆ ಹತ್ತಕ್ಕೆ ಒಂದು ಪಿಕಪ್ ಅರ್ಧ ತುಂಬಿಕೊಂಡು ಚಾಕಣಕ್ಕೆ ಹೋಗುತ್ತದೆ. ಹನ್ನೆರಡಕ್ಕೆ ಇನ್ನೊಂದು ಅಲ್ಲೇ ಪಕ್ಕದ ಕಂಪನಿಗೆ, ಅದೂ ಅರ್ಧ. ಯಾಕೆ ಅಂದರೆ ಡಿಸ್ಪ್ಯಾಚ್‌ನವರಿಗೆ ಮಾಲಿನ ಚಲನ್ ಬಂದ ಹೊತ್ತಿಗೆ ಗಾಡಿ ಬಿಡುವ ಅಭ್ಯಾಸ. ಈಗ ದೊಡ್ಡ ಕಂಪನಿಗಳ ಮಿಲ್ಕ್ ರನ್ ಪದ್ಧತಿಯನ್ನೇ ನಾವೂ ಸಣ್ಣದಾಗಿ ಮಾಡಿದ್ದೇವೆ. ಹಾಲಿನವನು ಮನೆ ಮನೆ ಸುತ್ತಿದ ಹಾಗೆ, ಒಂದೇ ಗಾಡಿ ನಾಲ್ಕು ಗೇಟಿಗೆ ಮಾಲು ಇಳಿಸಿ, ಬರುವಾಗ ಖಾಲಿ ಟ್ರೇ ಮತ್ತು ಪೌಡರ್ ಕೋಟಿಂಗ್‌ಗೆ ಕೊಟ್ಟ ಮಾಲು ಎತ್ತಿಕೊಂಡು ಬರುತ್ತದೆ. ಡಿಸ್ಪ್ಯಾಚ್‌ನವರು ಮೊದಲೆರಡು ವಾರ ಮುಖ ಊದಿಸಿಕೊಂಡಿದ್ದರು. ಮಾಲು ಹಿಂದಿನ ದಿನ ಸಂಜೆಯೇ ಪ್ಯಾಕ್ ಆಗಬೇಕಲ್ಲ, ಅದಕ್ಕೆ.

ಮೂರನೆಯದು ಹೊತ್ತು. ಪುಣೆ-ನಾಸಿಕ್ ರಸ್ತೆಯಲ್ಲಿ ಮೋಶಿ ದಾಟಿ ಚಾಕಣ ಚೌಕದ ಜಾಮ್ ನೋಡಿದವರಿಗೆ ವಿವರಿಸಬೇಕಿಲ್ಲ. ಮೊದಲ ಗೇರ್, ಬ್ರೇಕ್, ಮೊದಲ ಗೇರ್, ಬ್ರೇಕ್. ಗಾಡಿ ಬೆಳಿಗ್ಗೆ ಐದೂವರೆಗೆ ಹೊರಟರೆ ಅದೇ ದಾರಿ ಬೇರೆ ದಾರಿಯ ಹಾಗೆ ಇರುತ್ತದೆ. ನಮ್ಮ ಗಿರಾಕಿಯ ಸೆಕ್ಯುರಿಟಿ ಆರಕ್ಕೇ ಗೇಟ್ ತೆಗೆಯುತ್ತಾರೆ ಅಂತ ನನಗೆ ಐದು ವರ್ಷ ಗೊತ್ತೇ ಇರಲಿಲ್ಲ, ಕೇಳಿರಲಿಲ್ಲ. ದೊಡ್ಡ ಲಾರಿಗಳಿಗೆ ಊರೊಳಗೆ ಬರಲು ಹೊತ್ತಿನ ಕಟ್ಟುಪಾಡು ಇರುತ್ತದೆ, ಆಗಾಗ ಬದಲಾಗುತ್ತದೆ ಕೂಡ. ಪೊಲೀಸರ ಪ್ರಕಟಣೆ ನೋಡಿಕೊಂಡು ಹೊತ್ತು ಹಾಕಿ.

ಫಾಸ್ಟ್ಯಾಗ್‌ನಲ್ಲಿ ದುಡ್ಡು ಮುಗಿದು ಖಾಲಾಪುರದ ಟೋಲ್‌ನಲ್ಲಿ ಗಾಡಿ ಪಕ್ಕಕ್ಕೆ ನಿಲ್ಲುವುದೂ ಡೀಸೆಲ್ ಖರ್ಚೇ. ಶುಕ್ರವಾರಕ್ಕೊಮ್ಮೆ ಎಲ್ಲ ಗಾಡಿಯ ಬ್ಯಾಲೆನ್ಸ್ ನೋಡುವ ಕೆಲಸ ಅಕೌಂಟ್ಸ್ ಹುಡುಗಿಗೆ ಒಪ್ಪಿಸಿದ್ದೇನೆ.

ಪಂಪ್: ಎಲ್ಲಿ, ಹೇಗೆ

ಮೊದಲು ಎರಡು ನಂಬಿಕೆಗಳನ್ನು ಬದಿಗಿಡೋಣ. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಡೀಸೆಲ್ ಜಾಸ್ತಿ ಬರುತ್ತದೆ ಅನ್ನುವುದು ಒಂದು. ಪಂಪಿನ ಟ್ಯಾಂಕ್ ನೆಲದೊಳಗೆ ಇರುತ್ತದೆ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿನ ಬಿಸಿ ಹೆಚ್ಚೇನೂ ಬದಲಾಗುವುದಿಲ್ಲ. 2,000ದ ಬದಲು 2,010 ರೂಪಾಯಿಗೆ ಹಾಕಿಸಿದರೆ ಮೋಸ ಆಗುವುದಿಲ್ಲ ಅನ್ನುವುದು ಇನ್ನೊಂದು. ಅದರಲ್ಲೂ ಹುರುಳಿಲ್ಲ.

ಅನುಮಾನ ಇದ್ದರೆ ಅಳತೆ ಕೇಳಿ. ಪ್ರತಿ ಪಂಪಿನಲ್ಲೂ ಸರ್ಕಾರದ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆ ಇರಬೇಕು. ಗಿರಾಕಿ ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರ್ ಆಚೀಚೆ ಆದರೆ ನಿಯಮದ ಒಳಗೇ ಬರುತ್ತದೆ, ಅದಕ್ಕಿಂತ ಕಡಿಮೆ ಬಂದರೆ ದೂರು ಕೊಡಬಹುದು. ನಾನು ವರ್ಷಕ್ಕೆ ಎರಡು ಸಲ ನಮ್ಮ ಖಾಯಂ ಪಂಪಿನಲ್ಲಿ ಕೇಳುತ್ತೇನೆ. ಮ್ಯಾನೇಜರ್ ನಗುನಗುತ್ತಲೇ ತೋರಿಸುತ್ತಾರೆ. ಸಂಬಂಧ ಕೆಟ್ಟಿಲ್ಲ.

ರಾಜ್ಯ ದಾಟುವ ಗಾಡಿ ಇದ್ದರೆ ದರದ ಹಳೆಯ ರೂಢಿಗಳನ್ನು ಒಮ್ಮೆ ಪರೀಕ್ಷಿಸಿ. ಬೆಳಗಾವಿ, ಹುಬ್ಬಳ್ಳಿ ಕಡೆ ಹೋಗುವ ಡ್ರೈವರ್‌ಗಳು ನಿಪ್ಪಾಣಿ ದಾಟಿಯೇ ಟ್ಯಾಂಕ್ ತುಂಬಿಸುತ್ತಿದ್ದರು, ಕರ್ನಾಟಕದಲ್ಲಿ ಅಗ್ಗ ಅಂತ. ಆಗ ಅದು ಸರಿಯೇ ಇತ್ತು. 2024ರ ಜೂನ್‌ನಲ್ಲಿ ಕರ್ನಾಟಕ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 14.34ರಿಂದ 18.44 ಪರ್ಸೆಂಟಿಗೆ, 2025ರ ಏಪ್ರಿಲ್ 1ರಿಂದ 21.17 ಪರ್ಸೆಂಟಿಗೆ ಏರಿಸಿತು. ಹಿಂದಿನ ಅಂತರ ಕರಗಿಹೋಯಿತು. ಇತ್ತ ಮುಂಬೈ, ಠಾಣೆ, ನವಿ ಮುಂಬೈಯಲ್ಲಿ ಡೀಸೆಲ್ ಮೇಲಿನ ವ್ಯಾಟ್ 24 ಇದ್ದದ್ದು 2024ರ ಜುಲೈನಿಂದ 21 ಪರ್ಸೆಂಟಿಗೆ ಇಳಿಯಿತು. ಅಂದರೆ "ಮುಂಬೈಯಲ್ಲಿ ಹಾಕಿಸಬೇಡ, ದುಬಾರಿ" ಅನ್ನುವ ಮಾತೂ ಹಳೆಯದಾಯಿತು. ಮೊಬೈಲಿನಲ್ಲಿ ಎರಡೂ ಊರಿನ ಅವತ್ತಿನ ದರ ನೋಡಿ ಹೇಳಿ, ಅಷ್ಟೇ. ಐವತ್ತು ಪೈಸೆಗಾಗಿ ದಾರಿ ಬಿಟ್ಟು ಎಂಟು ಕಿಲೋಮೀಟರ್ ಸುತ್ತಿದರೆ ಏನೂ ಉಳಿಯುವುದಿಲ್ಲ.

ಹೆದ್ದಾರಿ ಬದಿಯಲ್ಲಿ ಬಯೋಡೀಸೆಲ್ ಅಂತಲೋ ಇಂಡಸ್ಟ್ರಿಯಲ್ ಆಯಿಲ್ ಅಂತಲೋ ಅಗ್ಗದ ಎಣ್ಣೆ ಮಾರುವವರು ಸಿಗುತ್ತಾರೆ. ಆ ಕಡೆ ತಲೆ ಹಾಕಬೇಡಿ. ಸರಿಯಾದ ಬಿಲ್ ಇರುವುದಿಲ್ಲ. ಹೊಸ ಎಂಜಿನ್‌ಗಳ ಇಂಜೆಕ್ಟರ್ ಆ ಎಣ್ಣೆಯನ್ನು ತಡೆಯುವುದಿಲ್ಲ, ಕೆಟ್ಟರೆ ಒಂದು ವರ್ಷದ ಉಳಿತಾಯ ಒಂದೇ ಬಿಲ್ಲಿಗೆ ಹೋಗುತ್ತದೆ.

ನಗದು ಕೊಡುವುದನ್ನು ನಿಲ್ಲಿಸಿ ಫ್ಲೀಟ್ ಕಾರ್ಡ್ ಮಾಡಿಸಿ. ಇಂಡಿಯನ್ ಆಯಿಲ್‌ನದ್ದು ಎಕ್ಸ್ಟ್ರಾಪವರ್, ಭಾರತ್ ಪೆಟ್ರೋಲಿಯಂನದ್ದು ಸ್ಮಾರ್ಟ್‌ಫ್ಲೀಟ್, ಎಚ್‌ಪಿಯದ್ದು ಡ್ರೈವ್‌ಟ್ರ್ಯಾಕ್ ಪ್ಲಸ್. ಯಾವುದಾದರೂ ಸರಿ, ನಿಮ್ಮ ದಾರಿಯಲ್ಲಿ ಯಾರ ಪಂಪ್ ಹೆಚ್ಚು ಸಿಗುತ್ತದೋ ಅವರದ್ದು. ಗಾಡಿಗೊಂದು ಕಾರ್ಡ್, ದಿನಕ್ಕೊಂದು ಮಿತಿ. ಹಾಕಿಸಿದ ಕೂಡಲೇ ಮೆಸೇಜ್ ಬರುತ್ತದೆ. 60 ಲೀಟರಿನ ಟ್ಯಾಂಕಿಗೆ 68 ಲೀಟರ್ ಹಿಡಿದ ಬಿಲ್ ನಮಗೂ ಒಮ್ಮೆ ಬಂದಿತ್ತು, ನಗದಿನ ಕಾಲದಲ್ಲಿ. ಕಾರ್ಡಿನಿಂದ ಅದು ನಿಂತಿತು. ತೆರಿಗೆಯ ದೃಷ್ಟಿಯಿಂದಲೂ ಇದೇ ಒಳ್ಳೆಯದು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದನ್ನು ಖರ್ಚು ಅಂತ ತೋರಿಸಲು ಆಗುವುದಿಲ್ಲ.

ಜಿಪಿಎಸ್, ಟ್ಯಾಂಕಿನ ಸೆನ್ಸರ್ ಮಾರುವವರು ವಾರಕ್ಕೊಬ್ಬರು ಬರುತ್ತಾರೆ. ಜಿಪಿಎಸ್ ಹಾಕಿಸಿ, ಯೋಗ್ಯವಾದ ಖರ್ಚು. ಎಲ್ಲಿ ಎಷ್ಟು ಹೊತ್ತು ಎಂಜಿನ್ ಚಾಲೂ ಇಟ್ಟು ನಿಂತಿತ್ತು ಅನ್ನುವುದು ಗೊತ್ತಾಗುತ್ತದೆ. ಟ್ಯಾಂಕಿನ ಸೆನ್ಸರ್ ದೊಡ್ಡ ಲಾರಿಗೆ ಮಾತ್ರ ಸಾಕು. ಅದರ ಗ್ರಾಫ್ ಓದುವುದನ್ನೂ ಕಲಿಯಬೇಕು. ಖಂಡಾಳಾ ಘಾಟಿನ ಇಳಿಜಾರಿನಲ್ಲಿ ಡೀಸೆಲ್ ಟ್ಯಾಂಕಿನ ಒಂದು ಮೂಲೆಗೆ ಹೋಗಿ ನಿಲ್ಲುತ್ತದೆ, ಗ್ರಾಫಿನ ಗೆರೆ ಬಿದ್ದಂತೆ ಕಾಣುತ್ತದೆ. ಖೋಪೋಲಿ ತಲುಪಿದ ಮೇಲೆ ತಾನಾಗಿಯೇ ಮೇಲೆ ಬರುತ್ತದೆ. ಕಳ್ಳತನ ಆದರೆ ಗಾಡಿ ನಿಂತಲ್ಲೇ ಗೆರೆ ನೇರ ಕೆಳಗೆ ಇಳಿದು ಅಲ್ಲೇ ಉಳಿಯುತ್ತದೆ. ಈ ವ್ಯತ್ಯಾಸ ತಿಳಿಯದೆ ಡ್ರೈವರ್‌ಗೆ ಫೋನ್ ಮಾಡಿ ಕೂಗಾಡಿದರೆ, ನಾನು ಮೊದಲು ಮಾಡಿದ ತಪ್ಪನ್ನೇ ಈಗ ಮೆಷಿನ್ ಇಟ್ಟುಕೊಂಡು ಮಾಡಿದ ಹಾಗೆ.

ಕೊನೆಗೆ ಡ್ರೈವರ್

ಇಷ್ಟಾದ ಮೇಲೆ ಡ್ರೈವಿಂಗ್ ಬಗ್ಗೆ ಮಾತಾಡುವ ಹಕ್ಕು ಬರುತ್ತದೆ. ಚಹಾ, ಬಟಾಟೆವಡೆ ತರಿಸಿ ಶನಿವಾರ ಸಂಜೆ ಕೂರಿಸಿ. ಭಾಷಣ ಬೇಡ. ಮೂರು ಸಂಗತಿ ಸಾಕು.

ಒಂದು, ಘಾಟಿನಲ್ಲಿ ನ್ಯೂಟ್ರಲ್. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಅಂತ ಹಳೆಯ ಡ್ರೈವರ್‌ಗಳು ಇವತ್ತಿಗೂ ನಂಬುತ್ತಾರೆ. ಈಗಿನ ಎಂಜಿನ್‌ಗಳಲ್ಲಿ ವಿಷಯ ಉಲ್ಟಾ. ಗೇರ್‌ನಲ್ಲೇ ಇಟ್ಟು ಎಕ್ಸಲೇಟರ್‌ನಿಂದ ಕಾಲು ತೆಗೆದರೆ ಗಾಲಿಗಳೇ ಎಂಜಿನ್ ತಿರುಗಿಸುತ್ತವೆ, ಕಂಪ್ಯೂಟರ್ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಡೀಸೆಲ್ ಕೊಡುತ್ತಲೇ ಇರಬೇಕು. ಮೇಲಾಗಿ ಭಾರದ ಲಾರಿಯ ಪೂರ್ತಿ ತೂಕ ಬ್ರೇಕ್ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿಯದೇ ಹೋಗುತ್ತದೆ. ಬೋರ್ ಘಾಟಿನಲ್ಲಿ ಹಾಗೆ ಹೋದ ಗಾಡಿಗಳ ಕಥೆ ಅವರಿಗೇ ಗೊತ್ತಿರುತ್ತದೆ.

ಎರಡು, ವೇಗ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 60ರಿಂದ 80ಕ್ಕೆ ಹೋದರೆ ವೇಗ ಮೂರನೇ ಒಂದು ಭಾಗ ಹೆಚ್ಚು, ಗಾಳಿಯ ತಡೆ ಮಾತ್ರ ಮುಕ್ಕಾಲು ಪಾಲು ಹೆಚ್ಚು. ಮುಂಬೈ-ಪುಣೆ ಎಕ್ಸ್‌ಪ್ರೆಸ್ ವೇ ಒಟ್ಟು 94.5 ಕಿಲೋಮೀಟರ್. ಅದರಲ್ಲಿ ಘಾಟ್ ಬಿಟ್ಟರೆ 80ರಲ್ಲಿ ಹೋಗಿ ಗಳಿಸುವುದು ಇಪ್ಪತ್ತು ನಿಮಿಷ ಇರಬಹುದು. ಆ ಇಪ್ಪತ್ತು ನಿಮಿಷ ಬಂದರಿನ ಕ್ಯೂನಲ್ಲೇ ಕಳೆಯುತ್ತದೆ. ಹಾಗೇ, ಸಡಿಲ ಬಿಟ್ಟ ತಾಡಪತ್ರಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದರೆ ಅದೂ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ.

ಮೂರು, ಮುಂದೆ ನೋಡಿ ಓಡಿಸುವುದು. ದೂರದಲ್ಲಿ ಕೆಂಪು ಸಿಗ್ನಲ್ ಕಂಡರೂ ರೇಸ್ ಮಾಡಿಕೊಂಡು ಹೋಗಿ ಗಕ್ಕನೆ ನಿಲ್ಲಿಸುವ ಚಟ ಬಿಟ್ಟರೆ ಊರೊಳಗಿನ ಎವರೇಜ್ ಏರುತ್ತದೆ. ಹೇಳಿ ಕಲಿಸುವುದು ಕಷ್ಟ. ಚೆನ್ನಾಗಿ ಓಡಿಸುವವನ ಪಕ್ಕ ಒಂದು ದಿನ ಕೂರಿಸಿ. 1978ರಲ್ಲಿ ಶುರುವಾದ ಪಿಸಿಆರ್‌ಎ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇಂಧನ ಉಳಿತಾಯದ ಬಗ್ಗೆ ಡ್ರೈವರ್ ತರಬೇತಿ ನಡೆಸುತ್ತದೆ, ದೊಡ್ಡ ಕಂಪನಿಗಳು ಅವರನ್ನೂ ಕರೆಸಬಹುದು.

ಆಮೇಲೆ ಪಾಲು. ಇದು ಇಲ್ಲದಿದ್ದರೆ ಮೇಲಿನದೆಲ್ಲ ಮೂರು ವಾರದ ಮಾತು. ಮೂರು ತಿಂಗಳ ಎವರೇಜ್‌ನ್ನು ಆ ಗಾಡಿಯ ಅಳತೆಗೋಲು ಮಾಡಿ. 11 ಇದ್ದ ಗಾಡಿ ಈ ತಿಂಗಳು 2,600 ಕಿಲೋಮೀಟರಿಗೆ 12 ಕೊಟ್ಟರೆ ಉಳಿದದ್ದು ಸುಮಾರು 20 ಲೀಟರ್, 1,800 ರೂಪಾಯಿ. ಅರ್ಧ, ಅಂದರೆ 900, ಡ್ರೈವರ್‌ಗೆ. ಹತ್ತನೇ ತಾರೀಕಿಗೆ, ಸಂಬಳದಿಂದ ಬೇರೆಯಾಗಿ, ಲಕೋಟೆಯಲ್ಲಿ. ಎವರೇಜ್ ಇಳಿದರೆ ದಂಡ ಹಾಕಬೇಡಿ. ದಂಡ ಹಾಕಿದ ದಿನದಿಂದ ವಹಿಯಲ್ಲಿ ಸುಳ್ಳು ಬರೆಯುವುದು ಶುರುವಾಗುತ್ತದೆ. ಇಳಿದರೆ ಗಾಡಿಯನ್ನು ಗ್ಯಾರೇಜಿಗೆ ಕಳಿಸಿ. ನಮ್ಮಲ್ಲಿ ಈಗ ಡ್ರೈವರ್‌ಗಳೇ ಬಂದು "ಮಾಲಕ್ರ, ಬಲಗಾಲಿ ಬಿಸಿ ಐತ್ರಿ" ಅನ್ನುತ್ತಾರೆ. ಕೆಲಸ ಬಿಟ್ಟು ಹೋದವನು ಚಾಕಣದ ಒಂದು ಚಹಾದಂಗಡಿಯಲ್ಲಿ ಸಿಕ್ಕಿದ್ದ. ಬ್ರೇಕ್ ವಿಷಯ ಹೇಳಿದೆ. "ನಾ ಹೇಳಿದ್ನಲ್ರೀ" ಅಂದ, ಚಹಾದ ದುಡ್ಡು ತಾನೇ ಕೊಟ್ಟ.

ಸಿಎನ್‌ಜಿ, ಕರೆಂಟ್ ಗಾಡಿ

ಇದು ಕೊನೆಯ ಹೆಜ್ಜೆ, ಮೊದಲನೆಯದಲ್ಲ. ಗಾಡಿ ಬದಲಿಸುವ ಹೊತ್ತು ಬಂದಾಗ ಯೋಚಿಸಿ. ಆಫೀಸಿನ ಕಾರು, ಊರೊಳಗಿನ ಚೋಟಾ ಹಾಥಿಗೆ ಸಿಎನ್‌ಜಿ ಹೊಂದುತ್ತದೆ. ಪುಣೆ, ಪಿಂಪ್ರಿ-ಚಿಂಚವಡದಲ್ಲಿ ಗ್ಯಾಸ್ ಕೊಡುವುದು ಎಂಎನ್‌ಜಿಎಲ್ ಕಂಪನಿ, ಮುಂಬೈಯಲ್ಲಿ ಮಹಾನಗರ್ ಗ್ಯಾಸ್. ಸಿಎನ್‌ಜಿ ಕೆಜಿ ಲೆಕ್ಕ, ಡೀಸೆಲ್ ಲೀಟರ್ ಲೆಕ್ಕ. ಎರಡರ ದರ ಅಕ್ಕಪಕ್ಕ ಇಟ್ಟರೆ ಮೋಸ ಹೋಗುತ್ತೀರಿ, ಕಿಲೋಮೀಟರಿಗೆ ಎಷ್ಟು ರೂಪಾಯಿ ಬಿತ್ತು ನೋಡಿ. ಕ್ಯೂನಲ್ಲಿ ನಿಂತ ಹೊತ್ತನ್ನೂ ಬರೆಯಿರಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು ಅನ್ನುವುದು ನೆನಪಿರಲಿ.

ಕರೆಂಟ್ ಗಾಡಿ ಎಲ್ಲ ಕಡೆಗೂ ಅಲ್ಲ. ದಿನಾ ಒಂದೇ ದಾರಿ, ರಾತ್ರಿ ಫ್ಯಾಕ್ಟರಿಗೆ ವಾಪಸ್, ಎಂಬತ್ತು ಕಿಲೋಮೀಟರ್ ಒಳಗೆ, ಇಂಥ ಫೇರಿಗೆ ಅದು ಹೇಳಿ ಮಾಡಿಸಿದಂತಿದೆ. 2022ರಲ್ಲಿ ಟಾಟಾ ಏಸ್ ಇವಿ ಬಂದಾಗ ಕಂಪನಿ ಹೇಳಿದ ದೂರ 154 ಕಿಲೋಮೀಟರ್. ಭಾರ ಹೇರಿ, ಟ್ರಾಫಿಕ್‌ನಲ್ಲಿ ಓಡಿಸುವಾಗ ಕಂಪನಿ ಹೇಳಿದ ದೂರ ಪೂರ್ತಿ ಸಿಗುತ್ತದೆ ಅಂತ ಯೋಜನೆ ಹಾಕಬೇಡಿ, ಅರ್ಧಕ್ಕಿಂತ ಸ್ವಲ್ಪ ಮೇಲೆ ಹಿಡಿಯಿರಿ. ಚಾರ್ಜರ್ ಹಾಕಿಸುವ ಮೊದಲು ಫ್ಯಾಕ್ಟರಿ ಮೀಟರಿನ ಲೋಡ್ ಸಾಲುತ್ತದಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಮೊದಲು ಒಂದೇ ಗಾಡಿ ತನ್ನಿ. ಆರು ತಿಂಗಳು ಅದೇ ವಹಿಯಲ್ಲಿ ಅದಕ್ಕೂ ಒಂದು ಪುಟ ಕೊಡಿ. ಲೀಟರ್ ಅಂತ ಇರುವ ಕಡೆ ಯೂನಿಟ್ ಅಂತ ತಿದ್ದಿಕೊಂಡರೆ ಆಯಿತು.